ಲಂಗರು ಟೋಕನ್ನಿನ ಧಣಿಗಳು

ವೇದವತಿ ಕೇರಳದ ಆಲುವದ ಬ್ಯಾಂಕೊಂದರಲ್ಲಿ ಸಾಲದ ಕಾಗದಪತ್ರ ನೋಡೋ ಆಫೀಸರ್. ಕೈಗೆ ಏನೇ ಬರಲಿ, ಹಿಂದಿನ ಪುಟದ ಸಣ್ಣಕ್ಷರದಿಂದ ಓದಲು ಶುರುಮಾಡೋಳು. ಮದುವೆ ಕರೆಯೋಲೆಯನ್ನೂ ಬಿಟ್ಟವಳಲ್ಲ. ಅವಳ ಗಂಡ ನಟರಾಜ ತಿರುವನಂತಪುರದಲ್ಲಿ ರಾಕೆಟ್ ವಿಜ್ಞಾನಿ. ಆಕಾಶದ ಲೆಕ್ಕ ಪಕ್ಕಾ. ನೆಲದ ಮೇಲೆ ಮಾತ್ರ, ಯಾರಾದರೂ ಕನ್ನಡದಲ್ಲಿ ‘ಊಟ ಆಯ್ತಾ’ ಅಂದರೆ ಸಾಕು, ಬೆಣ್ಣೆ ಥರ ಕರಗಿಬಿಡ್ತಿದ್ದ.

ಈ ಸಲ ಕರಗಿಸಿದವನು ಕಾಸರಗೋಡಿನ ಸಂದೀಪ. ‘ಲಂಗರು’ ಅನ್ನೋ ಕ್ರಿಪ್ಟೋ ಟೋಕನ್ ಮಾರ್ತಿದ್ದ. ವಿಳಿಂಜಂ ಬಂದರಿಗೆ ಬರೋ ಕಂಟೇನರುಗಳ ಬಾಡಿಗೆಯಲ್ಲಿ ಟೋಕನ್ ಕೊಂಡವರಿಗೆಲ್ಲ ಪಾಲು ಅಂತ ಮಾತು. ನಟರಾಜನೂ ಕೊಂಡಿದ್ದ. ಹೆಸರು ಲಂಗರು, ನೋಡಿದರೆ ಲಂಗೂ ಇಲ್ಲ, ಲಗಾಮೂ ಇಲ್ಲ. ಹಾಕಿದ ದುಡ್ಡು ವಾಪಸ್ ತೆಗೆಯೋದು ನಿಂತುಹೋಗಿತ್ತು. ಈಗ ಆಲುವದ ಹತ್ತಿರದ ಕಳಮಶ್ಶೇರಿಯ ಹೋಟೆಲಲ್ಲಿ ದುಡ್ಡು ಹಾಕಿದವರ ಸಭೆ ಕರೆದಿದ್ದರು, ಗಂಡ ಹೆಂಡತಿ ಇಬ್ಬರೂ ಬಂದು ಕೂತಿದ್ದರು. ಎಲ್ಲರೂ ಮೊಬೈಲಲ್ಲಿ ‘ಒಪ್ಪಿದೆ’ ಒತ್ತಿದರೆ ಹಳೇ ಟೋಕನ್ ಹೋಗಿ ಹೊಸದು ಬರುತ್ತಂತೆ.

ನಟರಾಜನ ಹೆಬ್ಬೆರಳು ಆಗಲೇ ಮೇಲೆದ್ದಿತ್ತು. ವೇದವತಿ ಫೋನ್ ಕಿತ್ತುಕೊಂಡು ಕೊನೇ ಸಾಲು ಓದಿದಳು.

“ರೀ, ಹಳೇದರ ಮೇಲಿನ ಹಕ್ಕೆಲ್ಲ ಬಿಟ್ಟುಕೊಟ್ಟಿದ್ದೀನಿ ಅಂತಿದೆ. ಒತ್ತಿದ್ರೆ ಹಕ್ಕು ಹಕ್ಕಿ ಆಗುತ್ತೆ.”

“ನಮ್ಮ ಕನ್ನಡದ ಹುಡುಗ ಕಣೇ.”

“ಮೋಸವೂ ಕನ್ನಡ ಪದಾನೇ.” ಅವಳು ಎದ್ದು ನಿಂತಳು. “ಸಂದೀಪ್, ಕಂಪನಿ ಎಲ್ಲಿ ರಿಜಿಸ್ಟರ್ ಆಗಿದೆ?”

“ಕಂಪನಿ ಅಂತ ಇಲ್ಲ ಅಕ್ಕ,” ಸಂದೀಪ ಹಲ್ಲುಬಿಟ್ಟ. “ಇದು ಎಲ್ಲರದ್ದು. ನೀವೇ ಧಣಿಗಳು.”

“ಧಣಿಗಳಿಗೆ ದುಡ್ಡು ವಾಪಸ್ ಕೇಳೋ ಹಕ್ಕಿಲ್ವಾ?”

“ವೋಟು ಹಾಕುವ ಹಕ್ಕು ಉಂಟಲ್ಲ?”

“ಯಾವುದಕ್ಕೆ ವೋಟು?”

ಸಂದೀಪ ಬಾಯಿ ತೆಗೆಯೋ ಮುಂಚೆ ನಟರಾಜನೇ ಮೆಲ್ಲಗೆ ಹೇಳಿದ. “ಲಾಂಛನ ನೀಲಿನಾ ಹಸಿರಾ ಅಂತ. ನಾನು ನೀಲಿಗೆ ಹಾಕ್ದೆ.”

ವೇದವತಿ ಮತ್ತೆ ಸಂದೀಪನ ಕಡೆ ತಿರುಗಿದಳು. ಬ್ಯಾಂಕಲ್ಲಿ ಕಲಿತ ಪ್ರಶ್ನೆ ಇನ್ನೊಂದು ಉಳಿದಿತ್ತು. “ನಾಳೆ ಲಾಯರ್ ನೋಟಿಸ್ ಕಳಿಸಬೇಕು ಅಂದ್ರೆ ಯಾರ ಹೆಸರಿಗೆ ಕಳಿಸಬೇಕು?”

ಸಂದೀಪನಿಗೆ ಆ ಪ್ರಶ್ನೆಯಿಂದ ಖುಷಿಯಾದಂತೆ ಕಂಡಿತು. ಅವಳಿಗೆ ಅದೇ ಅನುಮಾನ ತಂದಿದ್ದು. ಅವನು ನಟರಾಜನ ಕಡೆ ತಿರುಗಿ ಕೈ ಮುಗಿದ. “ನಮ್ಮ ಲಂಗರು ಬಳಗದ ಗೌರವಾಧ್ಯಕ್ಷರು ನಿಮ್ಮ ಪಕ್ಕದಲ್ಲೇ ಇದ್ದಾರಲ್ಲ ಅಕ್ಕ.” ಅದನ್ನೇ ಮೈಕಲ್ಲಿ ಮಲಯಾಳದಲ್ಲೂ ಹೇಳಿದ.

ಇಡೀ ಸಭೆ ತಿರುಗಿ ನೋಡಿತು.

“ರೀ, ಏನಿದು?”

“ಕನ್ನಡ ರಾಜ್ಯೋತ್ಸವದ ದಿನ ಇವರೇ ಶಾಲು ಹೊದಿಸಿ, ಪೇಟ ಇಟ್ಟು, ಅಧ್ಯಕ್ಷರಾಗಿ ಅಂತ ಕೇಳಿದ್ರು ಕಣೇ. ಅಷ್ಟು ಜನರ ಮುಂದೆ ಬೇಡ ಅನ್ನೋಕಾಗುತ್ತಾ? ಒಂದು ಸಹಿ, ಅಷ್ಟೇ.”

ಹಿಂದಿನ ಸಾಲಿನ ದಪ್ಪ ಮೀಸೆಯವನು ಪೆನ್ನು ತೆಗೆದು, ಬಹಳ ಮರ್ಯಾದೆಯಿಂದ ಮುಂದೆ ಬಾಗಿದ. “ಅಧ್ಯಕ್ಷ ಸಾರ್, ಅಡ್ರೆಸ್ ಒಂದು ಹೇಳಿ.”

ಅಧ್ಯಕ್ಷ ಅಂದದ್ದೇ ತಡ, ನಟರಾಜ ಕುತ್ತಿಗೆ ನೆಟ್ಟಗೆ ಮಾಡಿಕೊಂಡು ಕ್ವಾರ್ಟರ್ಸ್ ನಂಬರ್ ಹೇಳತೊಡಗಿದ. ವೇದವತಿ ಅವನ ಕಾಲು ತುಳಿದಳು. ಅಷ್ಟರಲ್ಲಿ ಪಿನ್‌ಕೋಡೂ ಹೇಳಿಯಾಗಿತ್ತು.