ನನ್ನ ಮಗಳೆಂಬ ಇಂಪೆಡಿಮೆಂಟ್

ನನ್ನ ಮಗಳು ಮೋಕ್ಷಾ ಒಂದು ಇಂಪೆಡಿಮೆಂಟ್ ಎಂದು ನನಗೆ ಗೊತ್ತಾದದ್ದು ದೇರೆಬೈಲಿನ ಎಸ್ತೆರ್ ಬಾಯಿಯ ಮನೆಯ ಸೋಫಾದ ಮೇಲೆ. ಇಪ್ಪತ್ತಾರು ವರ್ಷ ಸಾಕಿದ ನನಗೆ ಅವಳು ಬೆಳಿಗ್ಗೆ ಏಳದವಳು, ತಟ್ಟೆ ತೊಳೆಯದವಳು ಎಂಬುದಷ್ಟೇ ಗೊತ್ತಿತ್ತು.

“ಬೇಜಾರು ಮಾಡ್ಬೇಡಿ ರಾಜೀವಿಯಕ್ಕ,” ಎಂದರು ಎಸ್ತೆರ್ ಬಾಯಿ. ಅವರ ಮಗ ಇರ್ವಿನ್‌ಗೆ ನನ್ನ ಮಗಳೇ ಬೇಕಂತೆ, ಇವಳಿಗೂ ಅವನೇ. “ಇಂಪೆಡಿಮೆಂಟ್ ಅಂದ್ರೆ ಬೈಗುಳ ಅಲ್ಲ, ಅಡ್ಡಿ ಅಂತ ಅಷ್ಟೆ. ಅವಳಿಗೆ ಜ್ಞಾನಸ್ನಾನ, ಬ್ಯಾಪ್ಟಿಸಂ, ಆಗ್ಲಿಲ್ಲ ಅಲ್ವಾ? ಬಿಷಪರ ಡಿಸ್ಪೆನ್ಸೇಷನ್, ಅನುಮತಿ, ಸಿಕ್ಕಿದ್ರೆ ಆಯ್ತು. ಅವಳು ಮತ ಬದಲಿಸ್ಬೇಕಂತ ಇಲ್ಲ.”

ಅಡ್ಡಿ ಎಂದರೆ ಬೈಗುಳವಲ್ಲ ಎಂದು ತಿಳಿದು ತುಂಬಾ ಸಮಾಧಾನವಾಯಿತು. ಇನ್ನು ಸ್ನಾನ. ಭಾನುವಾರ ಭಾನುವಾರ ಎಣ್ಣೆ ತಿಕ್ಕಿ ಬಿಸಿನೀರು ಹೊಯ್ದವಳು ನಾನು. ಜ್ಞಾನ ಬಂದಿದ್ದರೆ ನನ್ನ ತಂಗಿ ತಂದ ಸುರತ್ಕಲ್ಲಿನ ಸಂಬಂಧಕ್ಕೆ ಆಗಲೇ ಹೂಂ ಎನ್ನುತ್ತಿದ್ದಳು.

ಚಹಾ ಮುಗಿಯುವುದರೊಳಗೆ ಇನ್ನಷ್ಟು ಕಲಿತೆ. ಬ್ಯಾನ್ಸ್ ಎಂದರೆ ಮೂರು ಭಾನುವಾರ ಚರ್ಚಿನಲ್ಲಿ ಇಬ್ಬರ ಹೆಸರು ಓದಿ, ಈ ಮದುವೆಗೆ ಅಡ್ಡಿ ಗೊತ್ತಿದ್ದವರು ತಿಳಿಸಿ ಎಂದು ಎಲ್ಲರನ್ನೂ ಕೇಳುವುದು. ನಮ್ಮ ಬೋಳಾರದಲ್ಲಿ ಕೇಳಬೇಕೆಂದಿಲ್ಲ. ತಕರಾರು ತಾನಾಗಿಯೇ ಮನೆಗೆ ಬಂದು ಚಹಾ ಕುಡಿದು ಹೋಗುತ್ತದೆ. ರೋಸ್ ಎಂದರೆ ನಾವು ಮೀನಿನ ಗಸಿಗೆ ಹಾಕುವ ತೆಂಗಿನ ಹಾಲನ್ನು ಮದುವೆಯ ಮುನ್ನಾದಿನ ಮದುಮಗಳ ತಲೆಗೆ ಹೊಯ್ಯುವುದು. ಚರ್ಚಿನ ಒಂದೊಂದು ವಾರ್ಡಿಗೂ ಒಬ್ಬರು ಗುರಿಕಾರರು, ಎಂದರೆ ಮುಖಂಡರು, ಇದ್ದಾರಂತೆ. ಅದು ಮಾತ್ರ ಹೊಸದಲ್ಲ, ನಮ್ಮಲ್ಲೂ ಇದ್ದಾರೆ. ಎರಡೂ ಕಡೆ ಕೆಲಸ ಮೊದಲ ಸಾಲಿನಲ್ಲಿ ಕೂರುವುದೇ ಇರಬೇಕು.

ನನ್ನ ಪಾಲಿಗೆ ಬಂದದ್ದು ‘ಫ್ರೀಡಂ ಟು ಮ್ಯಾರಿ’. ಹುಡುಗಿ ಸ್ವಂತ ಇಷ್ಟದಿಂದ ಮದುವೆಯಾಗುತ್ತಿದ್ದಾಳೆ ಎಂದು ಒಬ್ಬರು ಚರ್ಚಿನ ಆಫೀಸಿನಲ್ಲಿ ಸಾಕ್ಷಿ ಹೇಳಿ ಸಹಿ ಹಾಕಬೇಕು. ಬೇರೆ ಯಾರಾದರೂ ಆಗುತ್ತಿತ್ತು. ಮೋಕ್ಷಾ ಒಪ್ಪಲಿಲ್ಲ. “ಅಮ್ಮ ಹಾಕದಿದ್ರೆ ಮದುವೆಯೇ ಬೇಡ,” ಎಂದಳು. ಅವಳ ಅಪ್ಪ ಯೋಗೀಶ್ “ನಿನಗೆ ಸರಿ ಕಂಡದ್ದು ಮಾಡು” ಎಂದು ನನಗೆ ಹೇಳಿ ಬೋಟ್ ಹತ್ತಿ, ನೆಟ್‌ವರ್ಕ್ ಇಲ್ಲದ ಸಮುದ್ರಕ್ಕೆ ಹೋಗಿದ್ದರು. ಇಷ್ಟು ದೊಡ್ಡ ಅಧಿಕಾರ ನನಗೆ ಮನೆಯಲ್ಲಿ ಯಾವತ್ತೂ ಸಿಕ್ಕಿರಲಿಲ್ಲ. ಹಾಕುತ್ತೇನೋ ಇಲ್ಲವೋ, ಆಫೀಸಿನ ಬಾಗಿಲವರೆಗೂ ನನಗೇ ಗೊತ್ತಿರಲಿಲ್ಲ.

ಮೋಕ್ಷಾ, ಇರ್ವಿನ್ ಇಬ್ಬರೂ ನನ್ನ ಪಕ್ಕದಲ್ಲಿದ್ದರು. ಫಾದರ್ ಅಲ್ಫೋನ್ಸ್ ಫಾರ್ಮ್ ತೆಗೆದರು. “ಮಗಳಿಗೆ ಮೊದಲು ಎಲ್ಲಿಯಾದ್ರೂ ಮದುವೆ ಆಗಿತ್ತಾ?”

“ಇಲ್ಲ. ಮಾಡ್ಲಿಕ್ಕೆ ನಾನು ತುಂಬಾ ನೋಡಿದೆ.”

“ಅಮ್ಮಾ!” ಎಂದಳು ಮೋಕ್ಷಾ.

“ಅವಳ ಮೇಲೆ ಯಾರದ್ದಾದ್ರೂ ಒತ್ತಾಯ ಉಂಟಾ?”

ಮೋಕ್ಷಾ ತಲೆ ತಗ್ಗಿಸಿದಳು. ಆರನೇ ಕ್ಲಾಸಿನಲ್ಲಿ ಗಣಿತದ ಮಾರ್ಕು ತೋರಿಸಿ ನಿಂತದ್ದು ಹೀಗೆಯೇ.

“ಉಂಟು ಫಾದರ್,” ಎಂದೆ. “ನನ್ನದು. ಎಂಟು ತಿಂಗಳಿಂದ, ಬೇಡ ಬೇಡ ಅಂತ. ಮಾತು ಬಿಟ್ಟೆ, ರಾತ್ರಿಯ ಊಟ ಬಿಟ್ಟೆ. ಇವಳು ಅಲ್ಲಾಡ್ಲಿಲ್ಲ.”

ಫಾದರ್ ಪೆನ್ನು ಕೆಳಗಿಟ್ಟರು. “ಬೇಡ ಅನ್ನುವ ಒತ್ತಾಯ ಬರೀಲಿಕ್ಕೆ ಇದರಲ್ಲಿ ಜಾಗ ಇಲ್ಲ ಅಮ್ಮ.”

“ಹಾಗಾದ್ರೆ ಇಲ್ಲ ಅಂತ್ಲೇ ಬರೀರಿ. ನನಗೇ ಬಗ್ಗದವಳನ್ನು ಇನ್ಯಾರು ಒತ್ತಾಯ ಮಾಡ್ತಾರೆ ಮಾರಾಯ್ರೆ?”

ಸಹಿ ಹಾಕಿದೆ. ಮೋಕ್ಷಾ ಬಿಕ್ಕಿ ಬಿಕ್ಕಿ ಅಳತೊಡಗಿದಳು. ಇರ್ವಿನ್ ಗಡಿಬಿಡಿಯಲ್ಲಿ ಕರ್ಚೀಫಿಗೆಂದು ಕಿಸೆಗಳನ್ನೆಲ್ಲ ತಡಕಿ ಬೈಕಿನ ಕೀ ಹೊರತೆಗೆದು ಅವಳ ಮುಂದೆ ಹಿಡಿದ. ಇವನಿಗಾಗಿಯೇ ನಾನು ಎಂಟು ತಿಂಗಳು ಊಟ ಬಿಟ್ಟದ್ದು ಎಂದುಕೊಂಡು, ನನ್ನ ಸೆರಗನ್ನೇ ಕೊಟ್ಟೆ.