ಕುಂಬಳಿಯ ಪಾಲು

ನಮ್ಮ ಆಯಿ, ಎಂದರೆ ಅಜ್ಜಿ ಯಮನವ್ವ, ಮತ್ತು ಪಕ್ಕದ ಮನೆಯ ದಸ್ತಗೀರಬಿ ಚಾಚಿ ಸೇರಿ ಒಂದು ಪ್ರಾಣಿ ಸಾಕಿದ್ದರು. ಅದರ ಹೆಸರು ಕುಂಬಳಿ. ಅದಕ್ಕೆ ಮೇವು ಬೇಡ, ನೀರು ಬೇಡ, ಸೆಲ್ಲು ಹಾಕಿದರೆ ಸಾಕು. ಅಂಗೈಯಲ್ಲಿ ಹಿಡಿದು ಆಡುವ ಒಂದು ಹಳೇ ವಿಡಿಯೋ ಗೇಮಿನೊಳಗೆ ಅದರ ವಾಸ. ಕಾಡು ಸುತ್ತಿ ಚಿತ್ರವಿಚಿತ್ರ ಪ್ರಾಣಿಗಳನ್ನು ಹಿಡಿಯುವುದು, ಪಳಗಿಸುವುದು, ಬೇರೆಯವರ ಪ್ರಾಣಿಗಳ ಮೇಲೆ ಕಾದಾಟಕ್ಕೆ ಬಿಡುವುದು, ಇಷ್ಟೇ ಆ ಆಟ.

ಯಂತ್ರವನ್ನು ನನ್ನ ಮಾವ ಬಸವಂತ ಮುಂಬೈಯಿಂದ ನನಗಾಗಿ ತಂದಿದ್ದ. ನಾನು ಒಂದು ಬೇಸಿಗೆ ಆಡಿ, ಬೇಸರವಾಗಿ ಮೂಲೆಗೆ ಒಗೆದೆ. ಎತ್ತಿಕೊಂಡವಳು ಆಯಿ. ಆಗ ಆಕೆ ಗುಳೇದಗುಡ್ಡದ ನಮ್ಮ ಮನೆಯಲ್ಲೇ ಮಗ್ಗಕ್ಕೆ ಕೂತು ಕುಪ್ಪಸದ ಖಣ ನೇಯುತ್ತಿದ್ದಳು. ಚಾಚಿ ಎದುರಿಗೆ ಕೂತು ಲಾಳಿಯೊಳಗಿಡುವ ಕಂಡಿಕಿಗಳಿಗೆ ನೂಲು ಸುತ್ತಿಕೊಡುತ್ತಿದ್ದಳು. ಕೈಗೆ ಬಿಡುವಾದಾಗ ಒಬ್ಬಳು ಗುಂಡಿ ಒತ್ತುವಳು, ಇನ್ನೊಬ್ಬಳು ಭುಜದ ಮೇಲಿಂದ ಇಣುಕಿ ತಕರಾರು ತೆಗೆಯುವಳು. ಇಬ್ಬರಿಗೂ ಇಂಗ್ಲಿಷ್ ಬಾರದು. ಮೇಲಿನ ಸಾಲು ಒತ್ತಿದರೆ ಹೊಡೆತ, ಕೆಳಗಿನ ಸಾಲು ಒತ್ತಿದರೆ ಓಟ, ಅಷ್ಟು ಗೊತ್ತಿದ್ದರೆ ಆಯಿತು ಎಂಬುದು ಅವರ ತೀರ್ಮಾನ. ನನ್ನ ಓದು ಮುಗಿದು ನೌಕರಿ ಸಿಕ್ಕರೂ ಅವರ ಆಟ ಮುಗಿಯಲಿಲ್ಲ. ದುಂಡು ಮೈ, ಮೋಟು ಬಾಲ, ಸದಾ ಸಿಟ್ಟಿನ ಮುಖದ ಕುಂಬಳಿ ಅವರಿಬ್ಬರ ಮುದ್ದಿನ ಕೂಸಾಗಿತ್ತು.

ಹೋದ ವರ್ಷ ಚಾಚಿಯ ಮಗಳು ಮೌಲಾಬಿ ಇಳಕಲ್ಲಿನಲ್ಲಿ ಸೀರೆಗಳಿಗೆ ಕುಚ್ಚು ಕಟ್ಟಿಕೊಡುವ ಕೆಲಸ ಶುರು ಮಾಡಿದಳು. ಕೆಲಸ ಮೈಮೇಲೆ ಬಂತು, ಕೈ ಸಾಲವು, ಅಮ್ಮಾ ಬಾ ಎಂದು ಕರೆದಳು. ಚಾಚಿ ಖುಷಿಯಿಂದಲೇ ಒಪ್ಪಿದಳು. ಕೋಳಿ ಯಾರಿಗೆ, ಹಂಡೆ ಯಾರಿಗೆ ಎಲ್ಲ ಸುಸೂತ್ರ ತೀರ್ಮಾನವಾಯಿತು. ಕುಂಬಳಿಯ ವಿಷಯಕ್ಕೆ ಬಂದಾಗ ಮಾತು ನಿಂತಿತು.

"ನೀನ ಒಯ್ಯಿ ದಸ್ತಗೀರಬಿ. ನನಗ ಇನ್ನ ಕಣ್ಣ ಸರಿ ಕಾಣಂಗಿಲ್ಲ," ಎಂದಳು ಆಯಿ. ಸೂಜಿಗೆ ದಾರ ತಾನೇ ಪೋಣಿಸುವವಳು ಆಕೆ.

"ನಿಮ್ಮ ಮನಿ ಮಷೀನ ನಾ ಯಾಕ ಒಯ್ಯಲಿ? ನನಗೇನ ಬ್ಯಾಡವಾ," ಎಂದಳು ಚಾಚಿ. ಹೇಳುವಾಗ ಯಂತ್ರವನ್ನು ಮಡಿಲಲ್ಲೇ ಇಟ್ಟುಕೊಂಡಿದ್ದಳು.

ಇಬ್ಬರಿಗೂ ಬೇಕು, ಇಬ್ಬರೂ ಬಾಯಿಬಿಟ್ಟು ಹೇಳುವವರಲ್ಲ. ಎರಡು ದಿನ ಮನೆಯಲ್ಲಿ ಮುಖ ಊದಿಸಿಕೊಂಡು ತಿರುಗಿದರು.

ನಾನು ಬಾಗಲಕೋಟೆಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಯೋಗಾಲಯ ನೋಡಿಕೊಳ್ಳುತ್ತೇನೆ. ಯಾವುದೇ ಯಂತ್ರ ಕಂಡರೂ ಅದು ಎಲ್ಲಿ ಎಡವುತ್ತದೆ ಎಂದು ಕೆದಕುವುದು ನನ್ನ ಹುಟ್ಟುಗುಣ. ಈ ಜಗಳ ಕೇಳಿದ್ದೇ ತಡ, ಹುಡುಕಲು ಕೂತೆ. ಈ ಆಟದ್ದೇ ಎರಡನೇ ಪೀಳಿಗೆ ಇದೆ, ಅದರ ಯಂತ್ರ ಬೇರೆ, ಒಂದು ತಂತಿ ಕೂಡಿಸಿದರೆ ಹಳೇ ಆಟದ ಪ್ರಾಣಿಯನ್ನು ಹೊಸ ಆಟದ ಪ್ರಾಣಿಗೆ ಬದಲಾಯಿಸಿಕೊಳ್ಳಬಹುದು ಎಂಬುದು ಮೊದಲು ಗೊತ್ತಾಯಿತು. ಆ ಅದಲುಬದಲಿನಲ್ಲೊಂದು ಬಿರುಕಿದೆ ಎಂಬುದು ಆಮೇಲೆ ತಿಳಿಯಿತು. ಎಲ್ಲೆಲ್ಲಿಯದೋ ದೇಶಗಳ ಜನ ಆ ಬಿರುಕಿನ ಬಗ್ಗೆ ಪುಟಗಟ್ಟಲೆ ಚರ್ಚೆ ಮಾಡಿದ್ದರು. ಓದುತ್ತ ನನಗೆ ಊಟದ ಪರಿವೆ ಇರಲಿಲ್ಲ.

ಸಂಗತಿ ಇಷ್ಟು. ಅದಲುಬದಲು ಆದಮೇಲೆ ಎರಡೂ ಯಂತ್ರಗಳು ಅದನ್ನು ತಮ್ಮ ತಮ್ಮ ನೆನಪಿನಲ್ಲಿ ಬರೆದುಕೊಳ್ಳಬೇಕು. ಹೊಸ ಯಂತ್ರ ಚುರುಕು, 'ಬಂತು' ಎಂದು ಥಟ್ಟನೆ ಬರೆದುಕೊಳ್ಳುತ್ತದೆ. ಹಳೆಯದು ನಿಧಾನ, 'ಹೋಯಿತು' ಎಂದು ಬರೆಯಲು ಒಂದು ಉಸಿರು ತಡ ಮಾಡುತ್ತದೆ. ಆ ಒಂದು ಉಸಿರಿನ ಒಳಗೆ ತಂತಿ ಕಿತ್ತರೆ ಹೊಸದರಲ್ಲಿ ಪ್ರಾಣಿ ಬಂದಾಗಿದೆ, ಹಳೆಯದರಿಂದ ಹೋಗಿಯೇ ಇಲ್ಲ. ಒಂದಿದ್ದದ್ದು ಎರಡಾಯಿತು.

ಬೇಗ ಕಿತ್ತರೆ ಎರಡೂ ಕಡೆ ಕಸ. ತಡವಾಗಿ ಕಿತ್ತರೆ ಬರೀ ಅದಲುಬದಲು.

ಮುಂದಿನ ರಜೆಗೆ ಎರಡನೇ ಪೀಳಿಗೆಯ, ಯಾರೋ ಬಳಸಿ ಬಿಟ್ಟ ಯಂತ್ರವೊಂದನ್ನು ಸಂಪಾದಿಸಿ, ತಂತಿ ಸಮೇತ ಊರಿಗೆ ಹೋದೆ. ಇದು ಚಾಚಿಗೆ ಎಂದು ಹೇಳಿ, ಉಪಾಯ ವಿವರಿಸಿದೆ. ಇಬ್ಬರೂ ಬಾಯಿ ತೆರೆದು ಕೇಳಿದರು.

"ಎರಡ ಆದಮ್ಯಾಲ ಖರೆ ಕುಂಬಳಿ ಯಾವದು?" ಎಂದಳು ಚಾಚಿ.

"ಎರಡೂ ಖರೆ, ಚಾಚಿ."

"ಅದೆಂಗವಾ?"

ಎರಡರಲ್ಲೂ ಅದೇ ಹೆಸರು, ಅದೇ ಬಲ, ಗೆದ್ದ ಕಾದಾಟಗಳೆಲ್ಲ ಅವೇ. ಬೇರೆ ಏನು ಬೇಕು ಖರೆ ಆಗಲು? ಆ ಪ್ರಶ್ನೆ ಬದಿಗಿಟ್ಟು, ಮೊದಲು ಹುಳಗಳ ಮೇಲೆ ಪ್ರಯೋಗ ಮಾಡೋಣ ಎಂದೆ. ಆಟದ ಹುಲ್ಲಿನಲ್ಲಿ ಬೇಕಾದಷ್ಟು ಹುಳ ಸಿಗುತ್ತವೆ.

ಹಳೇ ಯಂತ್ರ ಆಯಿಯ ಕೈಯಲ್ಲಿ, ಹೊಸದು ಚಾಚಿಯ ಕೈಯಲ್ಲಿ, ತಂತಿಯ ತುದಿ ನನ್ನ ಬೆರಳಲ್ಲಿ. ಮೊದಲ ಸಲ ಅವಸರ ಮಾಡಿದೆ. ಹುಳ ಎರಡೂ ಕಡೆಯಿಂದ ಮಾಯವಾಗಿ, ಅದರ ಜಾಗದಲ್ಲಿ ಹೆಸರಿಲ್ಲದ, ಮೈಯೆಲ್ಲ ಚೌಕಳಿ ಚೌಕಳಿಯ ಏನೋ ಒಂದು ಕೂತಿತ್ತು. ನಾನು ಹೆದರಿದೆ. ಅವರಿಬ್ಬರಿಗೆ ಅದು ಬಹಳ ಹಿಡಿಸಿತು.

"ಹೊಕ್ಕಿನ ಎಳಿ ತಪ್ಪೇತಿ ನೋಡ ಇಲ್ಲಿ," ಎಂದು ಆಯಿ, ನೇಯ್ದ ಬಟ್ಟೆಯಲ್ಲಿ ತಪ್ಪು ಹುಡುಕುವಂತೆ, ಉಗುರಿನಿಂದ ತೋರಿಸಿದಳು. "ಇಲ್ಲಿತನಾ ಛಂದ ಬಂದೈತಿ, ಇಲ್ಲಿಂದ ಕೆಟ್ಟೈತಿ."

"ಅಂಚ ಮಾತ್ರ ಭಾರಿ ಐತಿ," ಎಂದಳು ಚಾಚಿ.

ಎರಡನೇ ಸಲ ಸರಿಯಾದ ಗಳಿಗೆಗೆ ಕಿತ್ತೆ. ಆದರೆ ತಂತಿ ಹೊರಬಂದ ಮರುಕ್ಷಣವೇ ಆಯಿಯ ಬಲಗೈ ಬಂದು, ನನ್ನ ಬೆರಳಿನಿಂದ ಅದನ್ನು ಕಸಿದು, ಮತ್ತೆ ತೂತಿಗೆ ತುರುಕಿತು. ಹಳೇ ಯಂತ್ರ ತನ್ನ ಬರೆಹವನ್ನು ನಿಶ್ಚಿಂತೆಯಿಂದ ಮುಗಿಸಿತು. ಹುಳ ಒಂದೇ ಉಳಿಯಿತು, ಅದೂ ಚಾಚಿಯ ಕಡೆ.

"ಆಯಿ, ಏನ ಮಾಡ್ದಿ?"

ಆಕೆ ತನ್ನ ಕೈಯನ್ನು ತಾನೇ ನೋಡಿಕೊಳ್ಳುತ್ತಿದ್ದಳು. "ನಾ ಎಲ್ಲಿ ಮಾಡ್ದೆ? ಎಳಿ ಹರದಂಗ ಆತು, ಕೈ ತಾನ ಹೋತು."

ಚಾಚಿ ನಗುತ್ತ ನಗುತ್ತ ಗೋಡೆಗೆ ಒರಗಿದಳು. ನನಗೂ ಅರ್ಥವಾಯಿತು. ಮಗ್ಗದ ಮೇಲೆ ಎಳೆ ಹರಿದರೆ ಯೋಚಿಸುತ್ತ ಕೂರುವಂತಿಲ್ಲ, ಕಣ್ಣಿಗಿಂತ ಮೊದಲು ಕೈ ಹೋಗಿ ಗಂಟು ಹಾಕಬೇಕು. ಜೀವಮಾನವೆಲ್ಲ ಅದನ್ನೇ ಮಾಡಿದ ಕೈ ಅದು. ಎಲ್ಲೆಲ್ಲಿಯದೋ ದೇಶಗಳ ಜನ ಬರೆದ ಪುಟಗಳಲ್ಲಿ ಈ ತೊಡಕಿನ ಬಗ್ಗೆ ಒಂದು ಸಾಲೂ ಇರಲಿಲ್ಲ.

ಮೂರನೇ ಸಲವೂ ಅದೇ ಆಯಿತು. ನಾಲ್ಕನೇ ಸಲ, ಸುಮ್ಮನಿರುತ್ತೇನೆ ಎಂದು ಆಣೆ ಮಾಡಿದ ಮೇಲೂ ಕೈ ಬಂತು. ನನಗೆ ರೇಗಿತು. ಯಂತ್ರವನ್ನು ಚಾಪೆಯ ಮೇಲಿಡಿಸಿ, ಎರಡೂ ಕೈ ತೊಡೆಯ ಕೆಳಗೆ ಹಾಕಿಕೊಂಡು ಕೂರು ಎಂದೆ. ಸಾಲಿ ಹುಡುಗಿಯ ಹಾಗೆ ಕೂತಳು. ಆ ಸಲ ಹುಳ ಎರಡಾಯಿತು. ಎರಡೂ ಪರದೆಗಳನ್ನು ಪಕ್ಕಪಕ್ಕ ಹಿಡಿದು ನೋಡಿದೆವು. ಅದೇ ಹುಳ, ಅದೇ ಬಾಲ, ಕೂದಲೆಳೆಯ ವ್ಯತ್ಯಾಸವಿಲ್ಲ. ಚಾಚಿ "ಯಾ ಅಲ್ಲಾ" ಎಂದು ಮೆಲ್ಲಗೆ ಹೇಳಿ ಎರಡನ್ನೂ ಬೆರಳಿನಿಂದ ಸವರಿದಳು.

ಇನ್ನೂ ಕೆಲವು ಸಲ ಮಾಡಿದೆವು. ಬರಬರುತ್ತ ಆಯಿಯ ಕೈ ಪಳಗಿತು. ತೊಡೆಯ ಕೆಳಗಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು, ತಂತಿ ಕಿತ್ತಾಗ ಬೆರಳು ಸ್ವಲ್ಪ ಅಲುಗಿ ಸುಮ್ಮನಾಗುತ್ತಿತ್ತು. ಕಡೆಯ ಹುಳದ ವೇಳೆಗೆ ಅದೂ ಅಲುಗಲಿಲ್ಲ. ಇನ್ನು ಭಯವಿಲ್ಲ ಎಂದುಕೊಂಡು, ಕುಂಬಳಿಯನ್ನು ಕರೆಯಿರಿ ಎಂದೆ.

ಆಯಿ ಪಟ್ಟಿಯಲ್ಲಿ ಕುಂಬಳಿಯನ್ನು ಆರಿಸಿದಳು. ಚಾಚಿ ತನ್ನ ಕಡೆಯಿಂದ ಒಂದು ಹುಳ ಇಟ್ಟಳು. ಇಬ್ಬರೂ ಒಪ್ಪಿಗೆಯ ಗುಂಡಿ ಒತ್ತಿದರು. ಕುಂಬಳಿ ಸಿಟ್ಟಿನ ಮುಖ ಹೊತ್ತು ಒಂದು ಪರದೆಯಿಂದ ಉರುಳಿ ಇನ್ನೊಂದಕ್ಕೆ ಹೋಯಿತು. ಹೊಸ ಯಂತ್ರ ಬರೆದುಕೊಂಡಿತು. ನಾನು ಉಸಿರು ಹಿಡಿದು ತಂತಿ ಕಿತ್ತೆ. ಸರಿಯಾಗಿ ಆ ಗಳಿಗೆಗೇ ಕಿತ್ತೆ, ಅದರಲ್ಲಿ ನನಗೆ ಅನುಮಾನವಿಲ್ಲ.

ಆಯಿಯ ಕೈ ಮಡಿಲಿನಿಂದ ಎದ್ದು ಬಂದು, ನನ್ನ ಬೆರಳುಗಳ ನಡುವಿನಿಂದ ತಂತಿ ತೆಗೆದುಕೊಂಡು, ತೂತು ನೋಡಿ ಕೂಡಿಸಿತು.

ಕುಂಬಳಿ ಚಾಚಿಯ ಯಂತ್ರದಲ್ಲಿತ್ತು. ಆಯಿಯ ಯಂತ್ರದಲ್ಲಿ ಒಂದು ಹುಳ ಮಿಸುಕಾಡುತ್ತಿತ್ತು.

"ಅಯ್ಯ ಯಮನವ್ವ, ಮತ್ತ ನಿನ್ನ ಕೈ," ಎಂದು ಚಾಚಿ ಅಳುವ ಹಾಗಾದಳು. "ತಗೋ, ತಿರುಗಿ ಕೊಡ್ತೇನಿ. ಏ ಸುಶ್ಮಿ, ತಿರುಗಿ ಕೊಡಾಕ ಬರ್ತೈತೇನ?" ಎಂದು ನನ್ನನ್ನು ಕೇಳಿದಳು.

ಫೋನಿನಲ್ಲಿ ಹುಡುಕಿ ಓದಿದೆ. ಬರುತ್ತದೆ, ಆದರೆ ಒಂದು ಶರತ್ತು. ಹೊಸ ಆಟದಲ್ಲಿ ಅದು ಒಂದೇ ಒಂದು ಹೊಸ ವಿದ್ಯೆ ಕಲಿತರೂ ಹಳೇ ಆಟ ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಈಗಲೇ ವಾಪಸು ತಂದು ಇನ್ನೊಮ್ಮೆ ಮಾಡೋಣ ಎಂದೆ.

"ಬ್ಯಾಡ ಬಿಡು," ಎಂದಳು ಆಯಿ. "ಹೋದದ್ದ ಹೋತು. ಆಕಿ ಕಡೇನ ಇರಲಿ."

ಚಾಚಿ ಬೇಡ ಬೇಡ ಎನ್ನುತ್ತಲೇ ಯಂತ್ರವನ್ನು ಸೆರಗಿನಲ್ಲಿ ಸುತ್ತಿಕೊಂಡು ಗಂಟುಮೂಟೆ ಕಟ್ಟಲು ತನ್ನ ಮನೆಗೆ ಹೋದಳು. ನನಗೆ ಇಡೀ ದಿನದ ಶ್ರಮ ಮಣ್ಣುಪಾಲಾದ ಸಂಕಟ. ಸಿಟ್ಟು ತಡೆಯದೆ ಆಯಿಗೆ ಅಂದೆ, "ನಿನ್ನ ಕೈ ಕಟ್ಟಿ ಕುಂದರಸಬೇಕಿತ್ತು."

"ಈ ಸಲ ಕೈ ತಾನ ಹೋಗಲಿಲ್ಲ," ಎಂದಳು ಆಯಿ. "ನಾನ ಹಾಕಿದೆ."

ನಾನು ತಿರುಗಿ ನೋಡಿದೆ. ಆಕೆ ಚಾಪೆ ಸುತ್ತುತ್ತಿದ್ದಳು.

"ಎರಡ ಆಗಿದ್ರ ಆಕಿ ತನ್ನದ ಆಡ್ಕೊಂತ ಅಲ್ಲಿ ಕುಂದರತಾಳ, ನಾ ನನ್ನದ ಆಡ್ಕೊಂತ ಇಲ್ಲಿ ಕುಂದರತೇನಿ. ಒಬ್ರಿಗೊಬ್ರ ಕೇಳೂದ ಏನೈತಿ? ಇಬ್ರ ಮನ್ಯಾಗೂ ಇರೂ ವಸ್ತು ಯಾರ ಕೇಳ್ತಾರ? ಒಂದ ಇದ್ರ ಫೋನ್ ಹಚ್ಚಾಕ ಒಂದ ನೆಪ ಆತು."

"ಹಂಗಾದ್ರ ನಿನ್ನ ಕಡೇನ ಇಟ್ಕೋಬೇಕಿತ್ತಲ್ಲ?"

"ನನ್ನ ಕಡೆ ಇದ್ರ ಆಕಿ ಕೇಳಾಕ ನಾಚ್ತಾಳ. ಕೇಳಿ ಕೇಳಿ ಬ್ಯಾಸರ ಮಾಡ್ತೇನಿ ಅಂತ ಸುಮ್ನ ಇದ್ದಬಿಡ್ತಾಳ. ನನಗೇನ ನಾಚಿಕಿ ಐತಿ?"

ಒಂದನ್ನು ಎರಡು ಮಾಡುವ ಬಗೆಯಷ್ಟೇ ನನ್ನ ತಲೆಯಲ್ಲಿತ್ತು. ಎರಡಾದ ಮೇಲೆ ಅವರಿಬ್ಬರ ಗತಿ ಏನು ಎಂಬುದು ನನಗೆ ಹೊಳೆದೇ ಇರಲಿಲ್ಲ.

ಚಾಚಿ ಹುನಗುಂದದ ಮೇಲಿನ ಬಸ್ಸಿಗೆ ಇಳಕಲ್ಲಿಗೆ ಹೋದಳು. ಅಂದಿನಿಂದ ಆಯಿಯ ಫೋನು ಶುರುವಾಯಿತು. ಕುಂಬಳಿ ಯಾರ ಜತೆ ಕಾದಾಡಿತು, ಗೆದ್ದಿತೋ ಸೋತಿತೋ, ಅಲ್ಲಿಯ ಕಾಡು ಹೇಗಿದೆ. ಅಲ್ಲಿಂದ ಮಾತು ಮೌಲಾಬಿಯ ಕುಚ್ಚಿಗೆ, ಚಾಚಿಯ ಮೊಣಕಾಲಿಗೆ, ಇಳಕಲ್ಲಿನ ನೀರಿನ ರುಚಿಗೆ ಹೋಗುವುದು. ಕೇಳುವವಳು ಯಾವಾಗಲೂ ಆಯಿ. ಚಾಚಿ ತಾನಾಗಿ ಎಂದೂ ಫೋನ್ ಹಚ್ಚಿರಲಿಲ್ಲ.

ಮೊನ್ನೆ ನಾನು ಊರಲ್ಲಿದ್ದಾಗ ಚಾಚಿಯೇ ಹಚ್ಚಿದಳು. ಆಯಿಯ ಕೈ ಹಿಟ್ಟಾಗಿದ್ದರಿಂದ ಫೋನನ್ನು ನಾನು ಸ್ಪೀಕರಿಗೆ ಹಾಕಿ ಹಿಡಿದೆ.

"ಯಮನವ್ವ, ಕುಂಬಳಿ ಏನೋ ಕೇಳಾಕತ್ತಿತ್ತು. ಮೌಲಾಬಿ ಓದಿ ಹೇಳಿದ್ಲು. ಹೊಸಾ ವಿದ್ಯಾ ಕಲೀತೈತಂತ, ಹೂಂ ಅಂತೀರೋ ಬ್ಯಾಡ ಅಂತೀರೋ ಅಂತ."

ಆಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಎಂಥಾ ವಿದ್ಯಾ?"

"ಬೆಂಕಿ ಉಗುಳೂದಂತ."

ಬೆಂಕಿ ಉಗುಳುವ ಪ್ರಾಣಿಗಾಗಿ ಇಬ್ಬರೂ ಎಷ್ಟು ಹಂಬಲಿಸಿದ್ದರು ಎಂಬುದು ನನಗೆ ಗೊತ್ತು. ಹಳೇ ಆಟದ ಕಾಡನ್ನೆಲ್ಲ ಅದಕ್ಕಾಗಿ ಜಾಲಾಡಿದ್ದರು. ಆಯಿ ನನ್ನ ಮುಖ ನೋಡಿದಳು. ಕಲಿತರೆ ಅದು ಈ ಮನೆಗೆ ಎಂದೂ ವಾಪಸು ಬಾರದು ಎಂಬುದು ಆಕೆಗೂ ನೆನಪಿತ್ತು.

"ಕಲೀಲಿ ಬಿಡು," ಎಂದಳು ಕಡೆಗೆ. ದನಿ ಸಣ್ಣದಾಗಿತ್ತು. "ಕಲಿಯೂ ಕೂಸಿಗೆ ಬ್ಯಾಡ ಅನಬಾರದು."

"ನಾ ಆಗಲೇ ಬ್ಯಾಡ ಅಂತ ಒತ್ತೇನಿ," ಎಂದಳು ಚಾಚಿ. "ಮೌಲಾಬಿ ಬೈದ್ಲು ನನಗ. ಇರಲಿ. ಬರೂ ಶುಕ್ರವಾರ ಮುಂಜಾನಿ ಬಸ್ಸಿಗೆ ಕರಕೊಂಡ ಬರ್ತೇನಿ. ಒಂದ ತಿಂಗಳ ನಿನ್ನ ಕಡೆ ಇರಲಿ, ಆಮ್ಯಾಲ ನೀನ ಬಂದ ಬಿಟ್ಟ ಹೋಗು."

ಆಯಿ ಹಿಟ್ಟಿನ ಕೈಯಿಂದಲೇ ಕಣ್ಣು ಒರೆಸಿಕೊಂಡಳು. ಆಮೇಲೆ, ಬೆಂಕಿ ಉಗುಳುವುದನ್ನು ಬೇಡ ಎಂದ ಹುಚ್ಚಿ ಎಂದು ಚಾಚಿಯನ್ನು ಬಹಳ ಹೊತ್ತು ಬೈದಳು.