ಅರವತ್ತು ಬಟ್ಟಲು

1964ನೇ ಇಸವಿ, ಮಾರ್ಚ್ ಹದಿನೇಳು. ಬೆಳಗಿನ ಒಂಬತ್ತು ಗಂಟೆಗೆ ಸರಿಯಾಗಿ ಅರವತ್ತನೆಯ ಬಟ್ಟಲು ಮುಳುಗಿತು.

"ಅರವತ್ತಂತೆ," ಎಂದು ತೋಟಗಳ ಒಡೆಯ ಮೌಲಾಯ್ ಹಫೀದ್ ಅಧಿಕಾರಿಯತ್ತ ನೋಡಿ ನಕ್ಕ. "ಕಾಲಿನ ಬೆರಳು ಸೇರಿಸಿದರೂ ಈ ಜಾತಿಗೆ ಇಪ್ಪತ್ತರ ಮೇಲೆ ಎಣಿಕೆ ಬಾರದು, ಸಾಹೇಬರೇ."

ಫರಾಜಿ ತಲೆಯೆತ್ತದೆ ಖರ್ಜೂರದ ಗರಿಯ ಸೀಳಿಗೆ ಅರವತ್ತನೆಯ ಗಂಟು ಹಾಕಿದ. ಹನ್ನೊಂದು ವರ್ಷಗಳಿಂದ ಮರಳುಗಾಡಿನ ಈ ಊರಿನ ಕಾಲುವೆಯ ನೀರನ್ನು ಅಳೆಯುವವನು ಅವನೇ. ಮಣ್ಣಿನ ಬಾನಿಯ ನೀರಿನ ಮೇಲೆ ತಾಮ್ರದ ಬಟ್ಟಲನ್ನು ತೇಲಿಬಿಡಬೇಕು. ಬಟ್ಟಲಿನ ತಳದಲ್ಲಿ ಸೂಜಿ ತೂರುವಷ್ಟು ತೂತು. ನೀರು ಒಳಗೇರಿ ಬಟ್ಟಲು ಮುಳುಗಿದರೆ ಒಂದು ಎಣಿಕೆ, ಒಂದು ಗಂಟು. ಒಡೆಯನ ತೋಟಗಳಿಗೆ ನೂರಿಪ್ಪತ್ತು ಬಟ್ಟಲು. ಅದು ಮುಗಿದ ಮೇಲೆ ಕೇರಿಯ ನಲವತ್ತನಾಲ್ಕು ಮನೆಗಳ ಮಡಿಗಳಿಗೆ ಅರವತ್ತು. ಕಾಲುವೆ ಅಗೆದವರು ಕೇರಿಯವರು. ಎರಡು ಪಾಲು ಒಡೆಯನಿಗೆ, ಒಂದು ಪಾಲು ಅಗೆದವರಿಗೆ ಎಂಬುದು ಅಗೆದ ದಿನದ ಮಾತು.

ಈಗ ಸರ್ಕಾರ ಕಾಲುವೆಗೆ ಸಿಮೆಂಟಿನ ತೂಬು ಕಟ್ಟುವುದಿತ್ತು. ಬಟ್ಟಲು ಬೇಡ, ಸರದಿಗಳನ್ನು ತಾಸಿನಲ್ಲಿ ಬರೆದು ತನ್ನಿ ಎಂದು ಪಟ್ಟಣದಿಂದ ಈ ಅಧಿಕಾರಿಯನ್ನು ಕಳಿಸಿದ್ದರು. ಅವನು ಮೂರು ದಿನದಿಂದ ಗಡಿಯಾರ ಹಿಡಿದು ಬಾನಿಯ ಬಳಿಯೇ ಬಿಡಾರ ಹೂಡಿದ್ದ.

"ಒಡೆಯರ ಸರದಿ ನಲವತ್ತೆಂಟು ತಾಸು ಹರಿಯಿತು," ಎಂದು ಅಧಿಕಾರಿ ಪುಸ್ತಕ ನೋಡಿ ಹೇಳಿದ. "ಅಂದರೆ ಬಟ್ಟಲಿಗೆ ಇಪ್ಪತ್ತನಾಲ್ಕು ನಿಮಿಷ. ಕೇರಿಯ ಸರದಿ ಹದಿನೆಂಟು ತಾಸು. ಬಟ್ಟಲಿಗೆ ಹದಿನೆಂಟೇ ನಿಮಿಷ. ಎರಡೂ ಸಲ ಇದೇ ಬಟ್ಟಲಲ್ಲವೇನಯ್ಯ?"

"ಇದೇ ಸಾಹೇಬ್ರೇ. ಬೇರೆ ಇಲ್ಲ."

"ಮತ್ತೆ?"

"ಮತ್ತೇನು, ಇವರು ತೆಗೆದುಕೊಂಡದ್ದು ಅರವತ್ತಲ್ಲ," ಎಂದ ಮೌಲಾಯ್ ಹಫೀದ್. "ಹದಿನೆಂಟು ತಾಸಿಗೆ ಇಪ್ಪತ್ತನಾಲ್ಕು ನಿಮಿಷದ ಬಟ್ಟಲು ಎಷ್ಟಾಗುತ್ತದೆ, ನೀವೇ ನೋಡಿ. ನಲವತ್ತೈದು. ನಲವತ್ತೈದು ತೆಗೆದುಕೊಂಡು ಅರವತ್ತು ಎಂದು ಬೀಗುತ್ತಾರೆ. ಇವನು ತೂಕಡಿಸುತ್ತ ಗಂಟು ಹಾಕುತ್ತಾನೆ. ಹದಿನೆಂಟೇ ತಾಸು ಬರೆಯಿರಿ. ಅದೇ ರೂಢಿ."

ಕಾಲುವೆಯ ಆಚೆ ದಡದಲ್ಲಿ ನಿಂತಿದ್ದ ಕೇರಿಯವರಲ್ಲಿ ಗುಜುಗುಜು ಎದ್ದಿತು. ವಿಧವೆ ಮೆಸೌದಾ ಗುದ್ದಲಿಯನ್ನು ನೆಲಕ್ಕೆ ಊರಿ ಕೂಗಿದಳು.

"ಲೇ ಫರಾಜಿ, ನಿದ್ದೆ ಹೊಡೆದ್ಯೇನೋ ಮುಂಡೇಗಂಡ? ಹೇಳು ಅವನಿಗೆ."

"ಹೊಡೆದಿಲ್ಲ ಕಣಕ್ಕಾ. ಬರ್ಕಜ್ಜನ ಬಟ್ಟಲಾಣೆ."

ಆ ಆಣೆಗೆ ಕೇರಿಯಲ್ಲಿ ಎದುರು ಮಾತಿರಲಿಲ್ಲ. ಬರ್ಕ ಫರಾಜಿಯ ಮುತ್ತಜ್ಜ. ಗುಲಾಮನಾಗಿ ಹುಟ್ಟಿ, ನೀರಿನ ಎಣಿಕೆಯಲ್ಲಿ ಒಂದು ಹನಿ ತಪ್ಪದ ನಿಯತ್ತಿಗೆ ಮೆಚ್ಚಿ ಒಡೆಯನೇ ಬಿಡುಗಡೆಯ ಕಾಗದ ಬರೆದುಕೊಟ್ಟವನು. ಮದುವೆಗಳಲ್ಲಿ ಆ ಕಾಗದವನ್ನು ಹೊರಗೆ ತೆಗೆದು ಓದಿಸುತ್ತಿದ್ದರು. ಅವರದ್ದು ನಂಬಿಗಸ್ತರ ಮನೆ.

"ಬರ್ಕನ ಹೆಸರೆತ್ತಬೇಡ," ಎಂದು ಮೌಲಾಯ್ ಹಫೀದ್ ಕಾಲಿನ ಜೋಡನ್ನು ಕಳಚಿ, ಅದರ ಮೂತಿಯಿಂದ ಫರಾಜಿಯ ನೆತ್ತಿಯನ್ನು ಎರಡು ಸಲ ಮೆಲ್ಲಗೆ ತಟ್ಟಿದ. "ಅವನು ಗುಲಾಮನಾದರೂ ಮನುಷ್ಯ. ನೀನು ಅವನ ವಂಶದ ಗೊಬ್ಬರ." ಗಂಟಿನ ಗರಿಯನ್ನು ಕಾಲಿನಿಂದಲೇ ಕಾಲುವೆಗೆ ನೂಕಿದ. ಅದು ತೇಲುತ್ತ ಅವನ ತೋಟದ ಕಡೆಗೇ ಹೋಯಿತು.

ಒಡೆಯನ ಸರದಿ ಆರಂಭವಾಗಬೇಕಿತ್ತು. ಫರಾಜಿ ಸೋರೆಬುರುಡೆಯಿಂದ ಜೇನುಮೇಣವನ್ನು ಹೆಬ್ಬೆರಳಿಗೆ ತೆಗೆದುಕೊಂಡು ಬಟ್ಟಲಿನ ತಳಕ್ಕೆ ತೀಡಿದ. ಇದೂ ಬರ್ಕಜ್ಜನಿಂದ ಬಂದ ಪದ್ಧತಿ. ಗುಲಾಮರ ಕುಲದ ಕೈ ಮುಟ್ಟಿದ ಬಟ್ಟಲು ಪ್ರವಾದಿಯ ವಂಶದವರೆನಿಸಿದ ಶರೀಫ ಒಡೆಯರ ನೀರಿಗೆ ಮೈಲಿಗೆ. ಮೇಣ ಹಚ್ಚಿದರೆ ಶುದ್ಧ. ಕೇರಿಯ ಸರದಿಗೆ ಬೂದಿ ಹಾಕಿ ತಿಕ್ಕಿ ತೆಗೆಯಬೇಕು. ಕೇರಿಗೇಕೆ ಶುದ್ಧಿ?

"ನನಗೆ ನಿಮ್ಮ ಜಗಳ ಬೇಡ," ಎಂದ ಅಧಿಕಾರಿ. "ಇಳಿಹೊತ್ತಿನ ನಮಾಜಿನೊಳಗೆ ಈ ವ್ಯತ್ಯಾಸಕ್ಕೆ ಕಾರಣ ಹೇಳಿದರೆ ಕೇಳುತ್ತೇನೆ. ಇಲ್ಲದಿದ್ದರೆ ಹದಿನೆಂಟು ತಾಸು ಬರೆದು ಮೊಹರು ಹಾಕುತ್ತೇನೆ. ಆಮೇಲೆ ಯಾರೂ ತಿದ್ದಲಾಗದು."

ಫರಾಜಿ ಚಿಕ್ಕಪ್ಪನ ಮಗ ಸಾಲಮನನ್ನು ಬಾನಿಯ ಬಳಿ ಕೂರಿಸಿ ಮನೆಗೆ ನಡೆದ.

ಅವನ ಸೋದರತ್ತೆ ಯಮ್ನಾಳಿಗೆ ಎಪ್ಪತ್ತೆರಡು. ಬರ್ಕನನ್ನು ಕಣ್ಣಾರೆ ಕಂಡವರಲ್ಲಿ ಉಳಿದವಳು ಅವಳೊಬ್ಬಳೇ. ಬಾಗಿಲಲ್ಲಿ ಕುಳಿತು ಖರ್ಜೂರದ ಬೀಜ ಕುಟ್ಟುತ್ತಿದ್ದಳು. ಅವನು ಎಲ್ಲವನ್ನೂ ಹೇಳಿ ಕೇಳಿದ: "ಬರ್ಕಜ್ಜ ಎಣಿಕೇಲಿ ಬೇರೆ ಏನಾದ್ರೂ ರೀತಿ ಇಟ್ಟಿದ್ನಾ ಅತ್ತೆ? ನನಗೇ ಏನೋ ತಪ್ಪಿರಬೇಕು."

ಕುಟ್ಟುವ ಕೈ ನಿಂತಿತು.

"ಗಡಿಯಾರದೋನ ಎದುರಿಗೇ ಮೇಣ ಹಚ್ಚಿದ್ಯಾ?"

"ಹೂಂ. ಯಾಕೆ?"

ಅವಳ ಕಣ್ಣು ಅವನ ಕೈಯ ಮೇಲೆ ನಿಂತಿತು. ಫರಾಜಿ ತನ್ನ ಹೆಬ್ಬೆರಳನ್ನು ನೋಡಿದ. ಉಗುರಿನ ಸಂದಿಯಲ್ಲಿ ಮೇಣ ಹಳದಿಯಾಗಿ ನಿಂತಿತ್ತು. ಮೇಣ ತೀಡಿದರೆ ತೂತು ಕಿರಿದಾಗುತ್ತದೆ. ತೂತು ಕಿರಿದಾದರೆ ಬಟ್ಟಲು ನಿಧಾನವಾಗಿ ಮುಳುಗುತ್ತದೆ. ಹನ್ನೊಂದು ವರ್ಷ ಇದು ಅವನಿಗೆ ಹೊಳೆದಿರಲಿಲ್ಲ. ಮೈಲಿಗೆ ತನ್ನದೆಂದು ನಂಬಿದವನಿಗೆ ಹೊಳೆಯುವುದೂ ಇಲ್ಲ.

"ಅತ್ತೆ, ಅಜ್ಜನಿಗೆ ಗೊತ್ತಿತ್ತಾ?"

"ಅವನೇ ಹುಡುಕಿದ್ದು," ಎಂದಳು ಯಮ್ನಾ. "ಆಗ ನನಗೆ ಆರು ವರ್ಷ. ದೊಡ್ಡ ಒಡೆಯನ ಮಗಳ ಮದುವೆ. ಬಳುವಳಿ ಸಾಮಾನಿನ ಜೊತೆ ನನ್ನನ್ನೂ ಕಳಿಸೋದು ಅಂತ ಆಗಿತ್ತು. ಹಾಸಿಗೆ, ಹಂಡೆ, ಯಮ್ನಾ. ನಮ್ಮಮ್ಮ ಬಸುರಿ, ನಿಮ್ಮಪ್ಪ ಹೊಟ್ಟೇಲಿದ್ದ. ಅಜ್ಜ ಹೋಗಿ ಒಡೆಯನ ಕಾಲು ಹಿಡಿದ. ಏನು ಕೊಡ್ತೀಯೋ ಅಂದ್ನಂತೆ ಅವನು. ನಿನ್ನ ಹತ್ರ ಏನಿದೆ ಅಂತ. ಅಜ್ಜನ ಹತ್ರ ಆ ಬಟ್ಟಲು ಬಿಟ್ರೆ ಏನಿತ್ತು?"

"ಮೈಲಿಗೆ ಅನ್ನೋದು?"

"ಅದು ಒಡೆಯ ಕಟ್ಟಿದ್ದು. ಕೇಳೋರು ಬಾಯಿ ಮುಚ್ಚಲಿ ಅಂತ. ಮೇಣ ಹಚ್ಚಿದ ಮಾರನೇ ದಿನ ಕಾಗದ ಬಂತು. ಅಜ್ಜ, ನಮ್ಮಪ್ಪ, ನಮ್ಮಮ್ಮ, ನಾನು, ಹೊಟ್ಟೇಲಿದ್ದ ಕೂಸು, ಎಲ್ಲ ಬಿಡುಗಡೆ."

"ಅಪ್ಪನಿಗೆ ಗೊತ್ತಿತ್ತಾ?"

"ಗೊತ್ತಿತ್ತು. ನಿನಗೆ ಹೇಳಬೇಡ ಅಂದ. ಗೊತ್ತಿಲ್ಲದೋನಾದ್ರೆ ಕಣ್ಣಲ್ಲಿ ಕಣ್ಣಿಟ್ಟು ಆಣೆ ಹಾಕ್ತಾನೆ ಅಂದ." ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಕೇರಿ ನೀರು ನಾನು ಕುಡಿದೆ ಕಣೋ. ಈಗ ಹೋಗಿ ಹೇಳಬೇಡ. ನನ್ನನ್ನ ಮಣ್ಣು ಮಾಡಿದ ಮೇಲೆ ಹೇಳು."

"ಇವತ್ತು ಮೊಹರು ಬೀಳುತ್ತೆ ಅತ್ತೆ."

"ಹಂಗಾದ್ರೆ ನನ್ನ ಮುಖ ನೋಡಬೇಡ, ಹೋಗು."

ಫರಾಜಿ ಮಾಡಿನ ತೊಲೆಯ ಮೇಲಿದ್ದ ತೊಗಲಿನ ಚೀಲದಿಂದ ಕಾಗದವನ್ನು ತೆಗೆದುಕೊಂಡು ಹೊರಟ. ಓಣಿಯಲ್ಲಿ ಎದುರಾದ ಇಬ್ಬರು ಎಂದಿನಂತೆ ಎದೆ ಮುಟ್ಟಿ ವಂದಿಸಿದರು. ಅವನು ಗೋಡೆಯ ಕಡೆ ಮುಖ ಮಾಡಿಕೊಂಡು ನಡೆದ.

ಬಾನಿಯ ಬಳಿ ಎಲ್ಲರೂ ಇದ್ದರು. ಮೌಲಾಯ್ ಹಫೀದ್ ಚಹಾ ಕುಡಿಯುತ್ತಿದ್ದ. ಫರಾಜಿ ಸಾಲಮನನ್ನು ಎಬ್ಬಿಸಿ, ಮುಳುಗಿದ ಬಟ್ಟಲನ್ನು ಎತ್ತಿ, ಒಡೆಯನ ಸರದಿಯ ನಡುವೆಯೇ ಅದರ ತಳಕ್ಕೆ ಬೂದಿ ಹಾಕಿ ತಿಕ್ಕತೊಡಗಿದ.

"ಏನು ಮಾಡ್ತಿದ್ದೀಯೋ ಸೂಳೆಮಗನೆ?" ಮೌಲಾಯ್ ಹಫೀದ್ ಎದ್ದ. "ನನ್ನ ಸರದಿ ನಡೆಯುತ್ತಿದೆ. ನಿನ್ನ ಕೈಯ ಮೈಲಿಗೆ."

"ಮೈಲಿಗೆ ಆಗ್ಲಿ ಬಿಡು," ಎಂದ ಫರಾಜಿ. ಒಡೆಯನನ್ನು ಅವನು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. "ಸಾಹೇಬ್ರೇ, ಗಡಿಯಾರ ನೋಡಿ."

ಬೂದಿಯಲ್ಲಿ ತಿಕ್ಕಿದ ಬಟ್ಟಲು ಹದಿನೆಂಟು ನಿಮಿಷಕ್ಕೆ ಮುಳುಗಿತು. ಅವನು ಅದನ್ನು ಎತ್ತಿ, ಎಲ್ಲರಿಗೂ ಕಾಣುವಂತೆ ಮೇಣ ತೀಡಿ ಮತ್ತೆ ತೇಲಿಬಿಟ್ಟ. ಇಪ್ಪತ್ತನಾಲ್ಕು ನಿಮಿಷ. ಎರಡು ಬಟ್ಟಲಿನ ಆ ನಲವತ್ತೆರಡು ನಿಮಿಷಗಳಲ್ಲಿ ಎರಡೂ ದಡದಲ್ಲಿ ಒಬ್ಬರೂ ಕದಲಲಿಲ್ಲ.

"ಮೇಣ ಹಚ್ಚೋಕೆ ಶುರು ಮಾಡಿದ್ದು ನಮ್ಮ ಬರ್ಕಜ್ಜ," ಎಂದು ಫರಾಜಿ ಆಚೆ ದಡಕ್ಕೆ ಕೇಳುವಂತೆ ಹೇಳಿದ. "ಈ ಕಾಗದ ಬಂದದ್ದು ನಿಯತ್ತಿಗಲ್ಲ. ಇದಕ್ಕೆ. ಆಮೇಲೆ ನಮ್ಮಜ್ಜ ಹಚ್ಚಿದ, ನಮ್ಮಪ್ಪ ಹಚ್ಚಿದ, ನಾನು ಹಚ್ಚಿದೆ."

ಅಧಿಕಾರಿ ಕಾಗದವನ್ನು ಬಿಡಿಸಿ ತಾರೀಖು ಓದಿ ಲೆಕ್ಕ ಹಾಕಿದ. ಅರವತ್ತಾರು ವರ್ಷ.

ಮೌಲಾಯ್ ಹಫೀದ್ ಚಹಾದ ಲೋಟವನ್ನು ನಿಧಾನವಾಗಿ ಕೆಳಗಿಟ್ಟ. "ಕೇಳಿದಿರಲ್ಲ, ಕಳ್ಳರು ಇವರ ಮನೆಯವರೇ. ನನ್ನ ತಾತ ದೇವರಂಥ ಮನುಷ್ಯ, ಅವರಿಗೇನು ಗೊತ್ತು ಮೇಣ? ಮೋಸದಿಂದ ಪಡೆದ ಬಿಡುಗಡೆ ನಡೆಯುವುದಿಲ್ಲ. ಫರಾಜಿ, ಹಾಗಾದರೆ ನೀನು ಇವತ್ತಿಗೂ ನಮ್ಮ ಹಟ್ಟಿಯ ಸೊತ್ತು."

"ಕಾಗದ ಇಟ್ಕೋ. ನನಗೆ ಬೇಡ. ನೀರು ಬಿಡು."

ಅಧಿಕಾರಿ ಪೆನ್ಸಿಲಿನಿಂದ ಬರೆದ. ಸುತ್ತು ಒಟ್ಟು ಅರವತ್ತಾರು ತಾಸು. ಒಂದಕ್ಕೆ ಎರಡರಂತೆ ಒಡೆಯನಿಗೆ ನಲವತ್ತನಾಲ್ಕು, ಕೇರಿಗೆ ಇಪ್ಪತ್ತೆರಡು. ರೂಢಿ ಬದಲಾದ ಲೆಕ್ಕಕ್ಕೆ ಮೊಹರು ಮೇಲಿನವರೇ ಹಾಕಬೇಕು ಎಂದ. ಇಷ್ಟು ದಿನ ಹೋದ ನೀರಿನ ಗತಿ ಏನು ಎಂದು ಯಾರೋ ಕೇಳಿದರು. ಹೋದ ನೀರನ್ನು ಬರೆಯಲು ತನ್ನ ಪುಸ್ತಕದಲ್ಲಿ ಅಂಕಣವಿಲ್ಲ ಎಂದು ಅವನು ಗಡಿಯಾರವನ್ನು ಜೇಬಿಗಿಳಿಸಿದ.

ಜನ ಕರಗಿದರು. ಯಾರೂ ಫರಾಜಿಯ ಬೆನ್ನು ತಟ್ಟಲಿಲ್ಲ. ಮೆಸೌದಾ ಮಾತ್ರ ಕಾಲುವೆ ದಾಟಿ ಬಂದು ಅವನೆದುರು ಕುಳಿತಳು.

"ಎಷ್ಟಾಯ್ತೋ ಒಟ್ಟು?"

"ಅರವತ್ತಾರು ತಾಸಿಗೆ ನಾಲ್ಕು ತಾಸು. ಅರವತ್ತಾರು ವರ್ಷಕ್ಕೆ ಪೂರ್ತಿ ಕಾಲುವೆಯ ನಾಲ್ಕು ವರ್ಷದ ನೀರು."

"ನಿನ್ನ ಕೈಯಿಂದ ಹೋದದ್ದು?"

"ಹನ್ನೊಂದು ವರ್ಷದ್ದು. ಎಂಟು ತಿಂಗಳು."

"ಐವತ್ತೇಳರ ಬೇಸಿಗೇಲಿ ನನ್ನ ಐದು ಮರ ಒಣಗ್ತಿದ್ವು," ಎಂದಳು ಅವಳು. "ನೀರು ಕಮ್ಮಿ ಬೀಳ್ತಿದೆ ಅಂತ ನಿನ್ನ ಹತ್ರ ಬಂದು ಅತ್ತಿದ್ದೆ. ನೀನೇನಂದೆ?"

ಫರಾಜಿ ನೆಲ ನೋಡಿದ. "ಬಟ್ಟಲು ಸುಳ್ಳು ಹೇಳಲ್ಲ ಅಂದೆ."

"ಅಂದೆ. ನನ್ನ ಗಂಡ ಆ ವರ್ಷವೇ ಕಲ್ಲಿದ್ದಲ ಗಣಿಗೆ ಹೋದ. ಹೋದೋನು ಹೆಣವಾಗೂ ಬರಲಿಲ್ಲ. ಒಡೆಯನ ನಾಲ್ಕು ವರ್ಷ ಕೇರಿಯೋರೆಲ್ಲ ಸೇರಿ ಕೇಳ್ತೀವಿ, ಅವನು ಕೊಡಲಿ ಬಿಡಲಿ. ನಿನ್ನ ಎಂಟು ತಿಂಗಳು ನೀನು ಹೇಗೆ ಕೊಡ್ತೀಯ?"

"ಇಪ್ಪತ್ತೆರಡು ತಾಸಿನಲ್ಲಿ ನನ್ನ ಮನೆ ಪಾಲು ಅರ್ಧ ತಾಸು. ಪ್ರತಿ ಸುತ್ತಿಗೂ ಅದನ್ನ ಬಿಟ್ಟುಕೊಡ್ತೀನಿ."

"ಎಷ್ಟು ವರ್ಷಕ್ಕೆ ತೀರುತ್ತೆ?"

ಅವನು ಬಾಯಲ್ಲೇ ಲೆಕ್ಕ ಹಾಕಿದ. ಕೇರಿಯ ನಷ್ಟದಲ್ಲಿ ತನ್ನ ಮನೆಗೂ ಪಾಲಿತ್ತು, ಅದನ್ನು ಕಳೆಯಲಿಲ್ಲ.

"ಸುತ್ತಿಗೆ ಹೋದ ನಾಲ್ಕು ತಾಸಿಗೆ ಅರ್ಧ ತಾಸು. ಹನ್ನೊಂದರ ಎಂಟು ಪಟ್ಟು, ಎಂಬತ್ತೆಂಟು ವರ್ಷ."

"ನಿನಗೀಗ ಎಷ್ಟು?"

"ನಲವತ್ತಮೂರು."

ಮೆಸೌದಾ ನಗಲಿಲ್ಲ. ಗುದ್ದಲಿಯನ್ನು ಊರಿ ಎದ್ದು ನಿಂತಳು. "ನಿನ್ನ ಮೊಮ್ಮಕ್ಕಳ ಮಕ್ಕಳಿಗೂ ಈಗಲೇ ಹೇಳಿಡು," ಎಂದಳು. "ನಾಡಿದ್ದು ನಮ್ಮ ಸರದಿ. ನಿನ್ನ ಮಡಿಯ ಬಾಯಿ ನಾನೇ ಮಣ್ಣು ಹಾಕಿ ಮುಚ್ತೀನಿ."

"ಮುಚ್ಚಕ್ಕಾ," ಎಂದ ಫರಾಜಿ.

ಅವನ ಜವೆಗೋಧಿ ಆಗ ಹಾಲುಗಾಳಿನಲ್ಲಿತ್ತು. ಕಾಳು ಕಟ್ಟಲು ಇನ್ನೂ ಎರಡು ನೀರು ಬೇಕಿತ್ತು.